ಗುಡ್ಡದ ಕರ್ಣಕುಂಡಲ ಕುಂಡಕ್ಕೆ ಬರಲಿ: ಬೀಜ ಆರಿಸುವುದು ಹೇಗೆ?

ಗಣಪತಿ ಹಬ್ಬ ಬಂದರೆ ಪುಣೆಯ ಮಂಡಯಿ ಮಾರುಕಟ್ಟೆಯಲ್ಲಿ ಗೌರಿ ಪೂಜೆಗೆ ತೇರಡಾ ಕಟ್ಟುಕಟ್ಟಾಗಿ ಬರುತ್ತದೆ. ನಮ್ಮ ಕರ್ಣಕುಂಡಲವೇ ಅದು. ‘ತೇರಡ್ಯಾಚಾ ರಂಗ ತೀನ್ ದಿವಸ್’ ಅಂತ ಮರಾಠಿಯಲ್ಲಿ ಗಾದೆ. ಅದರ ಬಣ್ಣ ಮೂರೇ ದಿನ ಅಂತ ಅರ್ಥ. ಕಿತ್ತ ಹೂವಿನ ಮಟ್ಟಿಗೆ ಅದು ನಿಜ, ಗಿಡದಲ್ಲಾದರೆ ವಾರಗಟ್ಟಲೆ ಹೂ ಬರುತ್ತಲೇ ಇರುತ್ತದೆ.

ಅಂಗಡಿಯ ಬೀಜದಿಂದ ಬರುವ, ಎಸಳು ತುಂಬಿದ ಮುದ್ದೆ ಹೂವೂ ಚೆಂದವೇ. ಆದರೆ ಮಳೆಗಾಲದಲ್ಲಿ ಸಿಂಹಗಡದ ಕಡೆ ಒಂದು ಹೊಲದ ಬದು ನೋಡಿ. ತಿಳಿ ಗುಲಾಬಿ, ಕಡು ಗುಲಾಬಿ, ಎಲ್ಲೋ ಒಂದು ಬಿಳಿ. ಒಂದು ಗೇಣುದ್ದ, ಇನ್ನೊಂದು ಮೊಣಕಾಲೆತ್ತರ. ಇಷ್ಟು ಬಗೆ ಯಾವ ಪೊಟ್ಟಣದಲ್ಲೂ ಸಿಗಲ್ಲ.

ಮೊದಲು ಜಾಗ. ಸಾತಾರಾ ಹತ್ತಿರದ ಹೂಗಳ ಪ್ರಸ್ಥಭೂಮಿ ಕಾಸ್ ಪಠಾರಕ್ಕೆ ಹೋದರೆ ನೋಡಿ ಬನ್ನಿ, ಅಷ್ಟೇ. ಅದು ಮೀಸಲು ಅರಣ್ಯ, 2012ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಒಂದು ಎಸಳನ್ನೂ ಕೀಳಬಾರದು. ಬೀಜ ಬೇಕಾದರೆ ಖಾಸಗಿ ಹೊಲದ ಬದುವಿಗೆ ಹೋಗಿ, ರೈತರನ್ನು ಕೇಳಿ. ‘ಬೀ ಘೇಊ ಕಾ?’ (ಬೀಜ ತಗೊಳ್ಳಲಾ?) ಅಂತ ಮರಾಠಿಯಲ್ಲಿ ಕೇಳಿದರೆ ಸಾಕು, ನನಗೆ ಯಾರೂ ಬೇಡ ಅಂದಿಲ್ಲ.

ಕಾಯಿ ಬಿಡಿಸುವುದಕ್ಕೂ ಒಂದು ಕ್ರಮ ಇದೆ. ಬಲಿತ ಕಾಯಿ ಮುಟ್ಟಿದರೆ ಪಟ್ಟನೆ ಸಿಡಿದು ಸುರುಳಿ ಸುತ್ತಿಕೊಳ್ಳುತ್ತದೆ, ಬೀಜ ಮಣ್ಣು ಸೇರುತ್ತದೆ. ಹಾಗಾಗಿ ಮೊದಲು ಕಾಗದದ ಕವರ್ ತೊಡಿಸಿ, ಆಮೇಲೆ ಮುಟ್ಟಿ. ಸಿಡಿದ ಬೀಜ ತಾಯಿಯ ಹತ್ತಿರವೇ ಬೀಳುವುದರಿಂದ ಪಕ್ಕಪಕ್ಕದ ಗಿಡಗಳು ಹೆಚ್ಚಾಗಿ ಅಕ್ಕತಂಗಿಯರೇ. ಬೇರೆ ಬೇರೆ ಬಗೆ ಬೇಕಲ್ವಾ? ಒಂದು ಗಿಡದಿಂದ ತೆಗೆದ ಮೇಲೆ ಹತ್ತಿಪ್ಪತ್ತು ಹೆಜ್ಜೆ ಮುಂದೆ ಹೋಗಿ. ಹತ್ತು ಕಾಯಿ ಇದ್ದರೆ ಒಂದು ಸಾಕು. ಒಂದು ತಾಯಿಗೆ ಒಂದೇ ಕವರ್, ಮೇಲೆ ನಂಬರ್, ಹೂವಿನ ಬಣ್ಣ, ಕಾಂಡದ ಬಣ್ಣ. ಬಿಳಿ ಹೂವಿನ ಗಿಡದ ಕಾಂಡ ಸಾಮಾನ್ಯವಾಗಿ ಹಸಿರು, ಕಡು ಬಣ್ಣದ್ದರಲ್ಲಿ ಕೆಂಪು ಛಾಯೆ ಇರುತ್ತದೆ.

ಎತ್ತರವನ್ನು ಮಾತ್ರ ಗುಡ್ಡದಲ್ಲೇ ನಂಬಬೇಡಿ. ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಯಾವ ಗಿಡವೂ ಕುಳ್ಳಗಾಗುತ್ತದೆ. ಅದು ಹುಟ್ಟುಗುಣವೋ ಹಸಿವೋ ಅಂತ ತಿಳಿಯಲು ಇರುವ ದಾರಿ ಒಂದೇ, ಎಲ್ಲವನ್ನೂ ಒಂದೇ ಕಡೆ ಬೆಳೆಸಿ ನೋಡುವುದು. ಕ್ಯಾಲಿಫೋರ್ನಿಯಾದಲ್ಲಿ ಕ್ಲಾಸೆನ್, ಕೆಕ್, ಹೀಸಿ ಎಂಬ ಮೂವರು ವಿಜ್ಞಾನಿಗಳು ಮಾಡಿದ್ದೂ ಇದನ್ನೇ. ಸಮುದ್ರಮಟ್ಟದ ಹತ್ತಿರ, ಸುಮಾರು 1,400 ಮೀಟರ್, ಸುಮಾರು 3,050 ಮೀಟರ್ ಎತ್ತರದಲ್ಲಿ ಮೂರು ತೋಟ ಮಾಡಿ, ಬೇರೆ ಬೇರೆ ಎತ್ತರದ ಗಿಡಗಳನ್ನು ತಂದು ನೆಟ್ಟರು. ಎತ್ತರದ ಬೆಟ್ಟದಿಂದ ತಂದ ‘ಯಾರೋ’ (yarrow) ಎಂಬ ಹೂಗಿಡ ಕೆಳಗಿನ ತೋಟದಲ್ಲೂ ಕುಳ್ಳಗೇ ಉಳಿಯಿತು. ಅಂದರೆ ಅದು ಹುಟ್ಟುಗುಣ.

ನಮಗೆ ಬಾಲ್ಕನಿಯೇ ತೋಟ. ಬೀಜವನ್ನು ಒಣಗಿಸಿ ಕಾಗದದಲ್ಲೇ ಇಟ್ಟು ಜೂನ್ ಮಳೆಗೆ ಬಿತ್ತಿ. ಒಂದೇ ಅಳತೆಯ ಕುಂಡ, ಒಂದೇ ಮಣ್ಣು, ಪ್ರತಿ ತಾಯಿಗೆ ಮೂರ್ನಾಲ್ಕು ಸಸಿ. ವಾರಕ್ಕೊಮ್ಮೆ ಕುಂಡಗಳ ಜಾಗ ಬದಲಿಸಿ, ಇಲ್ಲದಿದ್ದರೆ ಬಿಸಿಲು ಬಿದ್ದದ್ದೇ ಗೆಲ್ಲುತ್ತದೆ. ಗೊಬ್ಬರ ಜಾಸ್ತಿ ಹಾಕಿದರೆ ಸೊಪ್ಪೇ ಬರುತ್ತದೆ. ತಡವಾಗಿ ಮೊಳೆತದ್ದನ್ನು ಸುಮ್ನೆ ಕಿತ್ತೆಸೆಯಬೇಡಿ. ಬೇಗ ಬಂದದ್ದನ್ನೇ ಇಟ್ಟುಕೊಳ್ಳುತ್ತಾ ಹೋದರೆ, ನಿಮಗೆ ಗೊತ್ತಿಲ್ಲದೇ ತಡವಾಗಿ ಮೊಳೆಯುವ ಬಗೆಗಳನ್ನು ಕಳೆದುಕೊಳ್ಳುತ್ತೀರಿ.

ಬಂಡೆಯ ಮೇಲೆ ಗೇಣುದ್ದವಿದ್ದ ಎರಡು ಗಿಡಗಳ ಬೀಜ ನಾನು ತಂದಿದ್ದೆ. ಒಂದರ ಸಸಿಗಳು ಕುಂಡದಲ್ಲಿ ಮೊಣಕಾಲೆತ್ತರ ಬೆಳೆದವು. ಇನ್ನೊಂದರವು ಗೇಣುದ್ದದಲ್ಲೇ ನಿಂತು, ಬುಡದಿಂದಲೇ ಕವಲೊಡೆದು ಮೈತುಂಬ ಹೂ ಬಿಟ್ಟವು. ಬಾಲ್ಕನಿಗೆ ಬೇಕಾದದ್ದು ಆ ಎರಡನೆಯದು.

ಆದರೆ ಬಿಳಿ ತಾಯಿಯ ಮಕ್ಕಳು ಗುಲಾಬಿಯಾದವು. ಜೇನುನೊಣ ಪಕ್ಕದ ಗಿಡದ ಪರಾಗ ತಂದಿತ್ತು. ಈ ಹೂವಿನಲ್ಲಿ ಗಂಡು ಭಾಗ ಟೋಪಿಯಂತೆ ಹೆಣ್ಣು ಭಾಗವನ್ನು ಮುಚ್ಚಿರುತ್ತದೆ. ಅದು ಉದುರಿದ ಮೇಲೇ ಒಳಗಿನ ಹಸಿರು ತುದಿ ಹೊರಗೆ ಕಾಣುತ್ತದೆ. ಬಣ್ಣ ಉಳಿಯಬೇಕಾದರೆ ಮೊಗ್ಗಿರುವಾಗಲೇ ತೆಳು ಮಲ್ಮಲ್ ಚೀಲ ಕಟ್ಟಿ. ಟೋಪಿ ಉದುರಿದ ಹೂವಿಗೆ ಅದೇ ಗಿಡದ ಹೊಸ ಹೂವಿನ ಪರಾಗವನ್ನು ಸಣ್ಣ ಕುಂಚದಿಂದ ಮುಟ್ಟಿಸಿ, ಮತ್ತೆ ಕಟ್ಟಿ.

ಉಳಿದ ಬೀಜವನ್ನು ದಯವಿಟ್ಟು ಗುಡ್ಡಕ್ಕೆ ಎರಚಬೇಡಿ. ಕೆಳಗಿನ ಮನೆಯವರ ಮುದ್ದೆ ಹೂವಿನ ಪರಾಗ ಅದರಲ್ಲಿ ಬೆರೆತಿರಬಹುದು. ಪಕ್ಕದ ಮನೆಯವರಿಗೆ ಕೊಡಿ, ನಂಬರ್ ಬರೆದ ಕವರ್ ಸಮೇತ.