ವಿದೇಶದಲ್ಲಿ ಮೊಬೈಲ್ ಡೇಟಾ: ಕಡಿಮೆ ಖರ್ಚಿನ ದಾರಿ ಆರಿಸುವುದು ಹೇಗೆ?

ವಿದೇಶ ಪ್ರವಾಸಕ್ಕೆ ಟಿಕೆಟ್, ವೀಸಾ, ಹೋಟೆಲ್ ಎಲ್ಲ ವಾರಗಟ್ಟಲೆ ಮೊದಲೇ ಸಿದ್ಧವಾಗುತ್ತವೆ. ಮೊಬೈಲ್ ಡೇಟಾ ನೆನಪಾಗುವುದು ಮಾತ್ರ ವಿಮಾನ ಇಳಿದ ಮೇಲೆ. ಆಗ ಎದುರಿಗಿರುವ ಕೌಂಟರಿನಲ್ಲಿ ಹೇಳಿದಷ್ಟು ಕೊಟ್ಟು ಬರುವುದೇ ಗತಿ.

ಹೊರಡುವ ಮೊದಲೇ ವಿಚಾರಿಸುವವರೂ 'ಒಂದು ಜಿಬಿಗೆ ಎಷ್ಟು?' ಎಂದೇ ಶುರು ಮಾಡುತ್ತಾರೆ. ಆದರೆ ಮೊದಲು ಕೇಳಿಕೊಳ್ಳಬೇಕಾದದ್ದು ನನಗೆ ಎಷ್ಟು ಜಿಬಿ ಬೇಕು ಎಂದು. 20 ಜಿಬಿ ಪ್ಯಾಕ್ ಕೊಂಡು ಮೂರು ಜಿಬಿ ಬಳಸಿದರೆ, ಜಿಬಿ ಲೆಕ್ಕದಲ್ಲಿ ಎಷ್ಟೇ ಅಗ್ಗವಾದರೂ ದುಡ್ಡು ಹೋದದ್ದೇ ಅಲ್ವಾ?

ಮೊದಲು ನಿಮ್ಮ ಬಳಕೆ ನೋಡಿ

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಆ್ಯಪ್ ಎಷ್ಟು ಮೊಬೈಲ್ ಡೇಟಾ ಬಳಸಿದೆ ಎಂಬ ಪಟ್ಟಿ ಇರುತ್ತದೆ. ಅದನ್ನು ಒಮ್ಮೆ ತೆರೆದು ನೋಡಿ. ಮ್ಯಾಪ್, ಸಂದೇಶ, ಇಮೇಲ್ ಇವೆಲ್ಲ ತೀರಾ ಕಡಿಮೆ ಡೇಟಾದಲ್ಲಿ ನಡೆಯುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿದರೂ ನಿಮಿಷಕ್ಕೆ ಹೆಚ್ಚೆಂದರೆ ಒಂದು ಎಂಬಿ ಆಸುಪಾಸು. ಡೇಟಾ ನುಂಗುವುದು ವಿಡಿಯೊ. ನೆಟ್‌ಫ್ಲಿಕ್ಸ್‌ನದೇ ಲೆಕ್ಕದಂತೆ ಎಚ್‌ಡಿ ಗುಣಮಟ್ಟದಲ್ಲಿ ಗಂಟೆಗೆ 3 ಜಿಬಿಯವರೆಗೂ ಖರ್ಚಾಗುತ್ತದೆ. ವಿಡಿಯೊವನ್ನು ಹೋಟೆಲಿನ ವೈಫೈಗೆ ಬಿಟ್ಟರೆ ವಾರದ ಪ್ರವಾಸಕ್ಕೆ ಎರಡು ಮೂರು ಜಿಬಿ ಧಾರಾಳ ಸಾಕು.

ಫೋನ್ ಒಪ್ಪುತ್ತದೆಯೇ?

ಫೋನ್ ಒಂದೇ ಕಂಪನಿಗೆ ಲಾಕ್ ಆಗಿದ್ದರೆ ಬೇರೆ ಸಿಮ್ ಕೆಲಸ ಮಾಡುವುದಿಲ್ಲ. ಕಂತಿನಲ್ಲಿ ಕೊಂಡವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಇ-ಸಿಮ್, ಅಂದರೆ ಕಾರ್ಡ್ ಹಾಕದೆ ಫೋನಿಗೆ ಇನ್‌ಸ್ಟಾಲ್ ಮಾಡಿಕೊಳ್ಳುವ ಸಿಮ್, ನಿಮ್ಮ ಫೋನಿನಲ್ಲಿ ನಡೆಯುತ್ತದೆಯೇ ಎಂದು ತಿಳಿಯಲು *#06# ಒತ್ತಿ. ಬರುವ ಪಟ್ಟಿಯಲ್ಲಿ ಇಐಡಿ ಎಂಬ ಉದ್ದನೆಯ ಸಂಖ್ಯೆ ಕಂಡರೆ ಇದೆ ಎಂದರ್ಥ. ಐಫೋನ್ ಆದರೆ ಎಲ್ಲಿ ಕೊಂಡದ್ದು ಎನ್ನುವುದೂ ಮುಖ್ಯ. ಚೀನಾದಲ್ಲಿ ಮಾರಿದ ಹೆಚ್ಚಿನವುಗಳಲ್ಲಿ ಇ-ಸಿಮ್ ಇಲ್ಲ. ಅಮೆರಿಕದಲ್ಲಿ 2022ರ ಐಫೋನ್ 14ರಿಂದ ಸಿಮ್ ಹಾಕುವ ಜಾಗವೇ ಇಲ್ಲ.

ಯಾವುದು ಯಾರಿಗೆ?

ಎರಡು ಮೂರು ದಿನದ ಓಡಾಟವಾದರೆ ನಿಮ್ಮದೇ ಸಿಮ್‌ಗೆ ರೋಮಿಂಗ್ ಪ್ಯಾಕ್ ಹಾಕಿಸಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಬೆಲೆ ಸ್ವಲ್ಪ ಜಾಸ್ತಿ, ಆದರೆ ನಂಬರ್ ಬದಲಾಗುವುದಿಲ್ಲ. ಪ್ಯಾಕ್ ಇಲ್ಲದೆ ರೋಮಿಂಗ್ ಮಾತ್ರ ಬೇಡವೇ ಬೇಡ.

ಒಂದೇ ದೇಶದಲ್ಲಿ ವಾರಕ್ಕಿಂತ ಹೆಚ್ಚು ಇರುವವರಿಗೆ ಅಲ್ಲಿನ ಸಿಮ್ ಸಾಮಾನ್ಯವಾಗಿ ಅಗ್ಗ. ಹಲವು ದೇಶಗಳಲ್ಲಿ ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ. ವಿಮಾನ ನಿಲ್ದಾಣಕ್ಕಿಂತ ಊರೊಳಗಿನ ಅಂಗಡಿಯಲ್ಲಿ ಆಯ್ಕೆ ಹೆಚ್ಚು. ಟರ್ಕಿಯಲ್ಲಿ ಒಂದು ವಿಚಿತ್ರ ನಿಯಮವಿದೆ: ಹೊರಗಿನಿಂದ ತಂದ ಫೋನಿಗೆ ಅಲ್ಲಿನ ಸಿಮ್ ಹಾಕಿದರೆ, ನೋಂದಣಿ ಮಾಡಿಸದಿದ್ದಲ್ಲಿ 120 ದಿನದ ನಂತರ ಆ ಫೋನಿಗೆ ನೆಟ್‌ವರ್ಕ್ ನಿಲ್ಲುತ್ತದೆ.

ಹಲವು ದೇಶ ಸುತ್ತುವವರಿಗೆ ಟ್ರಾವೆಲ್ ಇ-ಸಿಮ್, ಅಂದರೆ ಪ್ರವಾಸಿಗರಿಗೆಂದೇ ಆನ್‌ಲೈನ್‌ನಲ್ಲಿ ಮಾರುವ ಇ-ಸಿಮ್, ಅನುಕೂಲ. ನನ್ನ ಮಟ್ಟಿಗೆ ಹೆಚ್ಚಿನ ಪ್ರವಾಸಿಗರಿಗೆ ಒಗ್ಗುವುದು ಇದೇ. ಆದರೆ ಸಣ್ಣ ಅಕ್ಷರಗಳನ್ನು ಓದಲೇಬೇಕಾದದ್ದೂ ಇಲ್ಲೇ. 'ಅನ್‌ಲಿಮಿಟೆಡ್' ಎಂದಿದ್ದರೆ ದಿನಕ್ಕೆ ಎಷ್ಟು ಜಿಬಿ ಆದ ಮೇಲೆ ವೇಗ ಇಳಿಯುತ್ತದೆ ಎಂದು ಹುಡುಕಿ. ಹಾಟ್‌ಸ್ಪಾಟ್‌ಗೆ ಅವಕಾಶವಿದೆಯೇ ನೋಡಿ. ವ್ಯಾಲಿಡಿಟಿ ಇನ್‌ಸ್ಟಾಲ್ ಮಾಡಿದ ಕೂಡಲೇ ಶುರುವೋ ಅಥವಾ ಅಲ್ಲಿನ ನೆಟ್‌ವರ್ಕ್ ಸಿಕ್ಕಾಗಲೋ? ಬಹಳಷ್ಟು ಇ-ಸಿಮ್‌ಗಳು ಡೇಟಾಕ್ಕೆ ಮಾತ್ರ, ಫೋನ್ ನಂಬರ್ ಇರುವುದಿಲ್ಲ.

ದೇಶಗಳ ಪಟ್ಟಿಯನ್ನೂ ಒಂದೊಂದಾಗಿ ಓದಿ. ಯುರೋಪ್ ಒಕ್ಕೂಟದೊಳಗೆ 2017ರ ಜೂನ್ 15ರಿಂದ ಹೆಚ್ಚುವರಿ ರೋಮಿಂಗ್ ಶುಲ್ಕವಿಲ್ಲ. ಹಾಗಾಗಿ ಫ್ರಾನ್ಸ್‌ನಲ್ಲಿ ಕೊಂಡ ಸಿಮ್ ಸಾಮಾನ್ಯವಾಗಿ ಇಟಲಿಯಲ್ಲೂ ನಡೆಯುತ್ತದೆ, ಡೇಟಾಕ್ಕೆ ಒಂದು ಮಿತಿ ಇರಬಹುದು ಅಷ್ಟೆ. ಸ್ವಿಟ್ಜರ್ಲೆಂಡ್ ಮತ್ತು ಬ್ರಿಟನ್ ಆ ನಿಯಮದಲ್ಲಿ ಇಲ್ಲ. ರೈಲಿನಲ್ಲಿ ಕಿಟಕಿಯಾಚೆ ಆಲ್ಪ್ಸ್ ನೋಡುತ್ತಾ ಕುಳಿತವರಿಗೆ ಗಡಿ ದಾಟಿದ್ದೇ ತಿಳಿಯುವುದಿಲ್ಲ, ಫೋನಿಗೆ ತಿಳಿಯುತ್ತದೆ.

ಚೀನಾದ ಕಥೆ ಬೇರೆ. ಅಲ್ಲಿನ ಸಿಮ್ ಹಾಕಿದರೆ ಗೂಗಲ್, ವಾಟ್ಸ್‌ಆ್ಯಪ್ ತೆರೆಯುವುದಿಲ್ಲ. ರೋಮಿಂಗ್ ಸಿಮ್‌ನ ಡೇಟಾ ಸಾಮಾನ್ಯವಾಗಿ ಆ ಸಿಮ್ ಕೊಟ್ಟ ಕಂಪನಿಯ ದೇಶದ ಮೂಲಕ ಹಾದು ಬರುತ್ತದೆ. ಹಾಗಾಗಿ ಅದರಲ್ಲಿ ಇವೆಲ್ಲ ಸಾಮಾನ್ಯವಾಗಿ ತೆರೆಯುತ್ತವೆ. ಇಷ್ಟು ದೂರ ಸುತ್ತಿ ಬರುವುದರಿಂದ ಪುಟ ತೆರೆಯಲು ಒಂದು ಕ್ಷಣ ಹೆಚ್ಚು ಹಿಡಿಯಬಹುದು.

ಸದಾ ಜೊತೆಯಲ್ಲೇ ಓಡಾಡುವ ನಾಲ್ಕೈದು ಜನಕ್ಕೆ ಬಾಡಿಗೆಯ ಪಾಕೆಟ್ ವೈಫೈ (ಎಲ್ಲರ ಫೋನಿಗೂ ನೆಟ್ ಹಂಚುವ ಪುಟ್ಟ ಸಾಧನ) ಆದೀತು. ಒಬ್ಬರು ಬೇರೆ ದಾರಿ ಹಿಡಿದರೆ ಅವರಿಗೆ ನೆಟ್ ಇಲ್ಲ. ಚಾರ್ಜ್ ಮಾಡಲು ಇನ್ನೊಂದು ಸಾಧನ ಬೇರೆ.

ಸೆಟ್ಟಿಂಗ್ಸ್ ಸರಿಮಾಡಿ

ಇ-ಸಿಮ್ ಅನ್ನು ಹೊರಡುವ ಮೊದಲೇ ಮನೆಯ ವೈಫೈನಲ್ಲಿ ಇನ್‌ಸ್ಟಾಲ್ ಮಾಡಿ. ಅದಕ್ಕೆಂದು ಕೊಡುವ ಕ್ಯೂಆರ್ ಕೋಡ್ ಹೆಚ್ಚಾಗಿ ಒಂದೇ ಸಲ ನಡೆಯುತ್ತದೆ. ನೆಟ್ ಬರುತ್ತಿಲ್ಲವೆಂದು ಇ-ಸಿಮ್ ಅಳಿಸಿದರೆ ಮತ್ತೆ ದುಡ್ಡು ಕೊಡಬೇಕಾದೀತು.

ತಲುಪಿದ ಮೇಲೆ ಮೊಬೈಲ್ ಡೇಟಾಕ್ಕೆ ಹೊಸ ಇ-ಸಿಮ್ ಆರಿಸಿ, ಅದರ ಡೇಟಾ ರೋಮಿಂಗ್ ಆನ್ ಮಾಡಿ. ರೋಮಿಂಗ್ ಎಂದರೆ ಖರ್ಚು ಎಂದು ಹೆದರಿ ಅನೇಕರು ಇದನ್ನು ಆಫ್ ಇಟ್ಟು ಪರದಾಡುತ್ತಾರೆ. ಆಫ್ ಆಗಬೇಕಾದದ್ದು ಹಳೆಯ ಸಿಮ್‌ನ ಡೇಟಾ ರೋಮಿಂಗ್. ಬ್ಯಾಂಕಿನ ಓಟಿಪಿ ಬರಬೇಕಾದರೆ ಆ ಸಿಮ್ ಚಾಲ್ತಿಯಲ್ಲೇ ಇರಲಿ. ಅಂತರರಾಷ್ಟ್ರೀಯ ರೋಮಿಂಗ್ ಸೇವೆ ಶುರುವಾಗಿದೆಯೇ, ಒಳಬರುವ ಎಸ್‌ಎಂಎಸ್‌ಗೆ ಶುಲ್ಕವಿದೆಯೇ ಎಂದು ಕಂಪನಿಯನ್ನು ಕೇಳಿಟ್ಟುಕೊಳ್ಳಿ. ಆ ಸಿಮ್‌ಗೆ ಕರೆ ಬಂದರೆ ಎತ್ತಬೇಡಿ, ಅದಕ್ಕೂ ಶುಲ್ಕ ಬೀಳಬಹುದು. ಒಂದು ಸಿಮ್ ದುರ್ಬಲವಾದಾಗ ಇನ್ನೊಂದಕ್ಕೆ ತಾನಾಗಿ ಜಿಗಿಯುವ ಆಯ್ಕೆಯೂ ಫೋನಿನಲ್ಲಿರುತ್ತದೆ, ಅದನ್ನು ಆಫ್ ಮಾಡಿ.

ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್ ವೈಫೈನಲ್ಲಿ ಮಾತ್ರ ನಡೆಯಲಿ. ಹೋಗುವ ಊರಿನ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಹಡಗಿನಲ್ಲಿ, ವಿಮಾನದಲ್ಲಿ ಏರೋಪ್ಲೇನ್ ಮೋಡ್ ಹಾಕಿಯೇ ಇರಿ. ಅಲ್ಲಿ ಫೋನ್ ಉಪಗ್ರಹದ ನೆಟ್‌ವರ್ಕ್‌ಗೆ ಅಂಟಿಕೊಂಡರೆ ದರ ಬೇರೆಯೇ ಇರುತ್ತದೆ, ಸಾಮಾನ್ಯ ರೋಮಿಂಗ್ ಪ್ಯಾಕ್‌ಗಳಲ್ಲಿ ಅದು ಹೆಚ್ಚಾಗಿ ಸೇರಿರುವುದಿಲ್ಲ.