ನಡಿಗೆ, ನುಡಿ ತಡವಾದ ಮಗು: ಥೆರಪಿಯನ್ನು ಮನೆಯ ದಿನಚರಿಗೆ ತರುವುದು ಹೇಗೆ?

ಮಗುವಿಗೆ ಒಂದೂವರೆ ವರ್ಷ ತುಂಬಿದರೂ ಆಸರೆ ಬಿಟ್ಟು ನಡೆಯುತ್ತಿಲ್ಲ, ಒಂದು ಮಾತೂ ಹೊರಡುತ್ತಿಲ್ಲ ಎಂದಾಗ ಮನೆಯಲ್ಲಿ ಮೊದಲು ಸಿಗುವುದು ಸಮಾಧಾನ. ‘ನಿನ್ನ ಗಂಡನೂ ಮೂರು ವರ್ಷ ತುಂಬುವ ತನಕ ಮಾತಾಡಿರಲಿಲ್ಲ ಕಣಮ್ಮ, ಸುಮ್ಮನಿರು’ ಎಂದು ನಮ್ಮತ್ತೆಯವರು ಹೇಳಿದ್ದರು; ನಾವು ಮೊದಲು ತೋರಿಸಿದ ವೈದ್ಯರೂ ಆರು ತಿಂಗಳು ಕಾದು ನೋಡಿ ಎಂದಿದ್ದರು. ಕಾದೆವು. ಆ ಆರು ತಿಂಗಳು ಮಗಳಿಗೆ ದಕ್ಕದೆ ಹೋಯಿತೆಂಬ ಕೊರಗು ನನಗೆ ಇಂದಿಗೂ ಇದೆ.

ಹಾಗಾಗಿ ಮೊದಲ ಹೆಜ್ಜೆ, ಕಾಯದೆ ತೋರಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯ ಪ್ರಕಾರ ಆರೋಗ್ಯವಂತ ಮಕ್ಕಳು ಹೆಚ್ಚೂಕಡಿಮೆ 8ರಿಂದ 18 ತಿಂಗಳೊಳಗೆ ಸ್ವತಂತ್ರವಾಗಿ ನಡೆಯುತ್ತಾರೆ. 12 ತಿಂಗಳಿಗೆ ತೊದಲು ದನಿ ಇಲ್ಲದಿದ್ದರೆ, 16 ತಿಂಗಳಿಗೆ ಒಂದು ಪದವೂ ಬರದಿದ್ದರೆ, 24 ತಿಂಗಳಿಗೆ ಎರಡು ಪದ ಕೂಡಿಸಿ ಹೇಳದಿದ್ದರೆ ಪರೀಕ್ಷೆ ಮಾಡಿಸಲೇಬೇಕು. ‘ಬುವ್ವ’, ‘ಟಾಟಾ’ ಎಂದು ಅರ್ಥವರಿತು ಹೇಳಿದರೆ ಅದೂ ಪದವೇ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ಆ ಕೊರತೆಯ ವಾರಗಳನ್ನು ಕಳೆದು ವಯಸ್ಸನ್ನು ಲೆಕ್ಕ ಹಾಕಬೇಕು. ಆದರೆ ಬರುತ್ತಿದ್ದ ಮಾತು ಅಥವಾ ಆಟ ಇದ್ದಕ್ಕಿದ್ದಂತೆ ನಿಂತುಹೋದರೆ ಯಾವ ಲೆಕ್ಕವನ್ನೂ ನೋಡದೆ ಅದೇ ವಾರ ವೈದ್ಯರ ಬಳಿ ಹೋಗಬೇಕು. ನಾಲಗೆಗೆ ಬಜೆ ತೇಯ್ದು ನೆಕ್ಕಿಸುವ ರೂಢಿ ನಮ್ಮಲ್ಲಿದೆ. ಅದನ್ನು ನಂಬಿ ಪರೀಕ್ಷೆಯನ್ನು ಮುಂದೂಡಬಾರದು, ಒಂದು ವರ್ಷ ತುಂಬದ ಮಗುವಿಗೆ ಅದರ ಜೊತೆ ಜೇನುತುಪ್ಪವನ್ನಂತೂ ಕೊಡಲೇಬಾರದು.

ಬೆಂಗಳೂರಿನಲ್ಲಿ ಎಲ್ಲಿಗೆ ಹೋಗುವುದೆಂಬ ಚಿಂತೆ ಬೇಡ. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್‌ನ ಮಕ್ಕಳ ವಿಭಾಗ, ಲಿಂಗರಾಜಪುರದ ಡಾ. ಎಸ್. ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆ, ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಇವೆಲ್ಲ ನಗರದೊಳಗೇ ಇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಬೆಳವಣಿಗೆಯ ತಡವನ್ನು ಗುರುತಿಸುವ ತಪಾಸಣೆ ಉಚಿತ, ಅಂಗನವಾಡಿಯಲ್ಲಿ ವಿಚಾರಿಸಬಹುದು.

ಮಾತು ತಡವಾದ ಪ್ರತಿ ಮಗುವಿಗೂ ಕಿವಿಯ ಪರೀಕ್ಷೆ ಆಗಬೇಕು. ಕರೆದರೆ ತಿರುಗುತ್ತದೆ, ಕುಕ್ಕರ್ ಸೀಟಿಗೆ ಬೆಚ್ಚುತ್ತದೆ ಎಂದು ನಾವೇ ತೀರ್ಮಾನಿಸುವುದು ತಪ್ಪು, ಏಕೆಂದರೆ ದೊಡ್ಡ ಸದ್ದು ಕೇಳಿಸಿಯೂ ಮಾತಿನ ಸಣ್ಣ ದನಿಗಳು ಕೇಳಿಸದಿರುವುದುಂಟು. ಸದ್ದಿಗೆ ಕಿವಿಯ ನರ ಮತ್ತು ಮಿದುಳು ಹೇಗೆ ಸ್ಪಂದಿಸುತ್ತವೆ ಎಂದು ಅಳೆಯುವ ಬೇರಾ ಎಂಬ ಪರೀಕ್ಷೆಗೆ ಮಗು ಗಾಢವಾಗಿ ನಿದ್ದೆ ಮಾಡಿರಬೇಕು. ನಾವು ಬೆಳಿಗ್ಗೆ ಬೇಗ ಎಬ್ಬಿಸಿಕೊಂಡು ಹೊರಟೆವು. ಆಟೊ ಸಿಲ್ಕ್ ಬೋರ್ಡ್ ಬಳಿ ನಿಂತಲ್ಲೇ ನಿಂತಾಗ ಮಗಳು ಮಡಿಲಲ್ಲೇ ನಿದ್ದೆ ಮುಗಿಸಿ, ಪರೀಕ್ಷೆಯ ಕೋಣೆಯಲ್ಲಿ ಕಣ್ಣರಳಿಸಿ ಕುಳಿತಳು. ಆ ದಿನ ವ್ಯರ್ಥವಾಯಿತು. ದಾರಿಯುದ್ದಕ್ಕೂ ಮಗುವನ್ನು ಎಚ್ಚರವಾಗಿಡಲು ಜೊತೆಗೊಬ್ಬರನ್ನು ಕರೆದೊಯ್ಯಿರಿ.

ಥೆರಪಿ ಶುರುವಾದ ಮೇಲೆ ತಿಳಿಯಬೇಕಾದ ಮುಖ್ಯ ಸಂಗತಿ ಒಂದಿದೆ. ವಾರಕ್ಕೆ ಎರಡು ಬಾರಿ 45 ನಿಮಿಷ ಎಂದರೆ ಒಟ್ಟು ಒಂದೂವರೆ ಗಂಟೆ. ಮಗು ಎಚ್ಚರವಿರುವ ಉಳಿದ ಸಮಯವೆಲ್ಲ ಮನೆಯಲ್ಲಿ ಕಳೆಯುತ್ತದೆ. ಥೆರಪಿಸ್ಟ್ ತೋರಿಸಿಕೊಡುವುದು ದಾರಿಯನ್ನು, ನಡೆಯುವುದು ಮನೆಯವರೇ. ಆದ್ದರಿಂದ ಕೋಣೆಯೊಳಗೆ ಕುಳಿತು ನೋಡಲು ಅವಕಾಶ ಕೇಳಿ, ಮುಂದಿನ ಮೂರು ತಿಂಗಳ ಗುರಿಯನ್ನು ಬರೆಸಿಕೊಳ್ಳಿ, ಮನೆಯಲ್ಲಿ ಮಾಡಬೇಕಾದ ಎರಡು ಮೂರು ವ್ಯಾಯಾಮಗಳನ್ನು ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ. ಸ್ಪೀಚ್ ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮೈಯ ಕೆಲಸಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ನಮ್ಮ ಮನೆಯ ದಿವಾನ್ ಮಗಳ ಎದೆಮಟ್ಟಕ್ಕಿತ್ತು. ಅದಕ್ಕೆ ಒರಗಿ ನಿಂತವಳ ಎದುರಿಗೆ ಅವಳ ಸ್ಟೀಲ್ ಲೋಟವನ್ನಿಟ್ಟು, ಕೈ ಚಾಚಿದಾಗ ಒಂದು ಗೇಣು ಪಕ್ಕಕ್ಕೆ ಸರಿಸುತ್ತಿದ್ದೆ. ಮೊದಲು ಸೊಂಟ ವಾಲುತ್ತಿತ್ತು, ಆಮೇಲೆ ಬಲಗಾಲಿನ ಹಿಮ್ಮಡಿ ಮೇಲೇಳುತ್ತಿತ್ತು, ಬಹಳ ಹೊತ್ತಿನ ಮೇಲೆ ಪಾದ ಒಂದಿಂಚು ಜರುಗುತ್ತಿತ್ತು. ಲೋಟ ಸಿಕ್ಕ ಮೇಲೆ ಮತ್ತೆ ಸರಿಸಬಾರದು. ಗೆದ್ದದ್ದು ಮಗುವಿಗೆ ಸಿಗಬೇಕು. ಹೀಗೆಯೇ ಮಣೆಯ ಮೇಲಿಂದ ಎದ್ದು ನಿಲ್ಲಿಸುವುದು, ನೆಲದ ಮೇಲಿನ ಈರುಳ್ಳಿಯನ್ನು ಬಗ್ಗಿ ಎತ್ತಿ ಬುಟ್ಟಿಗೆ ಹಾಕಿಸುವುದು ಕಾಲಿಗೆ ಬಲ ಕೊಡುತ್ತವೆ. ಟೈಲ್ಸ್ ನೆಲದ ಮೇಲೆ ಕಾಲುಚೀಲ ಜಾರುತ್ತದೆ, ಮನೆಯೊಳಗೆ ಬರಿಗಾಲೇ ಒಳ್ಳೆಯದು. ಚಕ್ರದ ವಾಕರ್ ನಡಿಗೆ ಕಲಿಸುವುದಿಲ್ಲ, ತಡ ಮಾಡುತ್ತದೆ, ಉರುಳಿ ಪೆಟ್ಟೂ ಆಗುತ್ತದೆ. ಯಾರಾದರೂ ಉಡುಗೊರೆ ಕೊಟ್ಟರೂ ಅಟ್ಟಕ್ಕೆ ಹಾಕಿ.

ಬೆರಳುಗಳಿಗೆ ಅವರೆಕಾಯಿಯ ಕಾಲದಲ್ಲಿ ಸಿಗುವಂಥ ಕೆಲಸ ಬೇರೆ ಕಾಲದಲ್ಲಿ ಸಿಗದು. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮುತ್ತದೆ, ಮಗು ನಗುತ್ತದೆ, ಇನ್ನೊಂದಕ್ಕೆ ಕೈ ಚಾಚುತ್ತದೆ. ಹಿತಕಿದ ಬೇಳೆ ಸಾರಿಗೆ ಅಜ್ಜಿ ಕುಳಿತಾಗ ಮಗುವನ್ನೂ ಕೂರಿಸಿಕೊಳ್ಳಬಹುದು. ಕಾಳು ಬಾಯಿಗೋ ಮೂಗಿಗೋ ಹೋಗುವ ಅಪಾಯವಿರುವುದರಿಂದ ಒಬ್ಬರು ಕಣ್ಣು ಕದಲಿಸದೆ ಪಕ್ಕದಲ್ಲಿರಬೇಕು, ಮೂರು ನಾಲ್ಕು ಕಾಳಿಗಿಂತ ಹೆಚ್ಚು ಎದುರಿಗಿಡಬಾರದು. ಉಳಿದ ತಿಂಗಳಲ್ಲಿ ಚಪಾತಿ ಹಿಟ್ಟು ಇದ್ದೇ ಇದೆ.

ಮಾತಿನ ಅಭ್ಯಾಸದಲ್ಲಿ ಅತ್ಯಂತ ಕಷ್ಟದ ಪಾಠ ದೊಡ್ಡವರು ಸುಮ್ಮನಿರುವುದು. ಮಗುವಿನ ಮುಖದ ಮಟ್ಟಕ್ಕೆ ಕುಳಿತು ‘ನೀರು’ ಎಂದು ಒಮ್ಮೆ ಹೇಳಿ, ಲೋಟವನ್ನು ತೋರಿಸಿ, ಮನಸ್ಸಿನಲ್ಲೇ ಐದು ಎಣಿಸಿ. ಮಗು ಕಣ್ಣೆತ್ತಿ ನೋಡಿದರೂ, ಕೈ ಚಾಚಿದರೂ, ‘ನೀ’ ಎಂದರೂ ಕೂಡಲೇ ಕೊಡಿ. ‘ನೀರು ಅನ್ನು, ಆಮೇಲೆ ಕೊಡ್ತೀನಿ’ ಎಂದು ಬಾಯಾರಿದ ಮಗುವನ್ನು ಸತಾಯಿಸಬೇಡಿ. ಒಂದು ಪದ ಬಂದ ಮೇಲೆ ನೀವು ಇನ್ನೊಂದನ್ನು ಸೇರಿಸಿ: ‘ನೀರು’ ಎಂದರೆ ‘ನೀರು ಬೇಕು’. ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎಂಬ ಭಯಕ್ಕೆ ಆಧಾರವಿಲ್ಲ. ಸನ್ನೆ ಮಾತಿಗೆ ಮೆಟ್ಟಿಲು.

ಭಾಷೆಯ ಗೊಂದಲ ಈ ಊರಿನಲ್ಲಿ ಸಹಜ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು ಅಥವಾ ತೆಲುಗು, ಪ್ಲೇಹೋಮ್‌ನಲ್ಲಿ ಇಂಗ್ಲಿಷ್. ಹಲವು ಭಾಷೆ ಕಿವಿಗೆ ಬೀಳುವುದರಿಂದ ಮಾತು ತಡವಾಗುವುದಿಲ್ಲ. ಶಾಲೆಗೆ ಅನುಕೂಲವೆಂದು ನಮಗೇ ಸರಾಗವಲ್ಲದ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ. ಅಜ್ಜಿ ಆಡುವ ಕನ್ನಡವೇ ಅದಕ್ಕೆ ಊಟ. ಫೋನಿನ ಹಾಡುಗಳು ಮಗುವಿನ ಸರದಿಗೆ ಕಾಯುವುದಿಲ್ಲ; ಎರಡು ವರ್ಷದ ಮಗುವೂ ಪರದೆಯ ಮುಂದೆ ಕೂರುವುದು ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಯ ಚಲನೆ ಕುಂಠಿತವಾಗುವುದು) ಅಥವಾ ಆಟಿಸಂ (ಬೆರೆಯುವುದರಲ್ಲಿ, ಸಂವಹನದಲ್ಲಿ ತೊಡಕಾಗುವ ಬೆಳವಣಿಗೆಯ ಭಿನ್ನತೆ) ಎಂದು ಖಚಿತವಾದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ, ಕೇಂದ್ರ ಸರ್ಕಾರದ ಸಂಸ್ಥೆಯಾದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆಯ ಬಗ್ಗೆ ವಿಚಾರಿಸಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿಯ ವೆಚ್ಚಕ್ಕೂ ಪಾಲಿದೆ.

ಪ್ಲೇಹೋಮ್‌ಗೋ ಅಂಗನವಾಡಿಗೋ ಸೇರಿಸುವ ದಿನ ವೈದ್ಯರ ಕಡತವನ್ನೆಲ್ಲ ಶಿಕ್ಷಕಿಯ ಮುಂದಿಡುವ ಬದಲು ಒಂದು ಚೀಟಿ ಬರೆದುಕೊಡಿ. ನಮ್ಮ ಚೀಟಿಯಲ್ಲಿ ಮೂರೇ ಸಾಲುಗಳಿದ್ದವು: ನೀರು ಬೇಕಾದರೆ ಲೋಟ ತೋರಿಸುತ್ತಾಳೆ. ಮೆಟ್ಟಿಲಿಳಿಯುವಾಗ ಎಡಗೈ ಹಿಡಿದುಕೊಳ್ಳಿ. ಪ್ರಶ್ನೆ ಕೇಳಿದ ಮೇಲೆ ಐದು ಎಣಿಸಿ.