ಸಭೆಯವರನ್ನು ನೋಡಿಕೊಳ್ಳುವುದು ಹೇಗೆ: ಮುಂಬೈ ಕಡೆಯ ಕನ್ನಡ ಪಾಸ್ಟರುಗಳಿಗೆ

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಇನ್ನೂರು ಪುಟದ ಸಾದಾ ಪುಸ್ತಕ ಸಾಕು. ಒಂದು ಮನೆಗೆ ಒಂದು ಪುಟ. ಹೆಸರು, ಮಕ್ಕಳ ಹೆಸರು, ಸ್ವಂತ ಊರು, ಫೋನ್ ನಂಬರ್ ಎಲ್ಲರೂ ಬರೆಯುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಇವರು ಎಷ್ಟು ಗಂಟೆಗೆ ಮನೆಯಲ್ಲಿ ಎಚ್ಚರ ಇರುತ್ತಾರೆ?

ಊರಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ. ಬೀದರ್ ಕಡೆ ಹಳ್ಳಿಯಲ್ಲಿ ಅಯ್ಯನವರು, ಅಂದರೆ ಪಾಸ್ಟರು, ಓಣಿಗೆ ಕಾಲಿಟ್ಟರೆ ಹತ್ತು ಮನೆಯವರು ಹೊರಗೆ ಬಂದು ನಿಲ್ಲುತ್ತಾರೆ. ಇಲ್ಲಿ ಹಾಗಲ್ಲ. ಒಂದು ಮನೆ ಅಂಬರನಾಥದಲ್ಲಿ, ಒಂದು ಧಾರಾವಿಯಲ್ಲಿ, ಇನ್ನೊಂದು ನಾಲಾಸೋಪಾರಾದಲ್ಲಿ. ಗಂಡ ವಾಚ್‌ಮನ್, ರಾತ್ರಿ ಡ್ಯೂಟಿ. ಹೆಂಡತಿ ನಾಲ್ಕು ಮನೆ ಕೆಲಸ ಮುಗಿಸಿ ಮಧ್ಯಾಹ್ನ ಎರಡಕ್ಕೆ ಬರುತ್ತಾಳೆ. ನಾನು ಶುರುವಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಹೋಗುತ್ತಿದ್ದೆ. ಆಗ ತಾನೇ ಮಲಗಿದ ಆ ಮನುಷ್ಯ ಎದ್ದು, ಅಂಗಿ ಹಾಕಿಕೊಂಡು, ಕೆಂಪು ಕಣ್ಣಲ್ಲಿ ನನ್ನ ಮುಂದೆ ಕೂತು, ನಾನು ಓದಿದ ಕೀರ್ತನೆಗೆ ತಲೆ ಆಡಿಸುತ್ತಿದ್ದ. ಒಂದು ದಿನವೂ ಬೇಡ ಅನ್ನಲಿಲ್ಲ. ಅವನ ನಿದ್ದೆ ಕೆಡಿಸುತ್ತಿದ್ದೇನೆ ಅಂತ ನನಗೆ ಹೊಳೆಯಲು ಎಷ್ಟೋ ತಿಂಗಳು ಬೇಕಾಯಿತು. ಈಗ ಅವನ ಪುಟದಲ್ಲಿ "ಸಂಜೆ ಐದು" ಅಂತ ಬರೆದಿದೆ.

ನಲ್ಲಿ ನೀರು ಬರುವ ಹೊತ್ತನ್ನೂ ಕೇಳಿ ಬರೆದುಕೊಳ್ಳಿ. ಚಾಳಿನಲ್ಲಿ ನೀರು ಬರುವುದು ದಿನಕ್ಕೆ ಒಂದೋ ಎರಡೋ ಗಂಟೆ. ಆಗ ನೀವು ಹೋಗಿ ಕೂತರೆ ಆ ತಾಯಿಯ ಕಿವಿ ಪ್ರಾರ್ಥನೆಯ ಕಡೆ, ಜೀವ ಡ್ರಮ್ಮಿನ ಕಡೆ.

ವಿಳಾಸವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಬಾಡಿಗೆ ಮನೆಯ ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳಿಗೆ ಇರುತ್ತದೆ. ಆಮೇಲೆ ಬಾಡಿಗೆ ಏರುತ್ತದೆ, ಅವರು ಇನ್ನೊಂದು ಸ್ಟೇಷನ್ ಆಚೆ ಹೋಗುತ್ತಾರೆ. ಸಭೆಯಿಂದ ಒಂದು ಕುಟುಂಬ ಜಾರಿಹೋಗುವುದು ಹೆಚ್ಚಾಗಿ ಈ ಸಾಮಾನು ಸಾಗಿಸುವ ವಾರದಲ್ಲೇ. ಅದಕ್ಕೇ ಸಾಮಾನು ಏರಿಸಲು ನಾಲ್ಕು ಹುಡುಗರನ್ನು ಕಳಿಸಿ. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ದಿನ ನೀವೇ ಹೋಗಿ ಪ್ರಾರ್ಥನೆ ಮಾಡಿ. ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ ಅಂತ ಯೋಹಾನ 10ರಲ್ಲಿ ಓದುತ್ತೇವೆ. ಈ ಊರಲ್ಲಿ ಹೆಸರಿನ ಜೊತೆ ಸ್ಟೇಷನ್ನೂ ಗೊತ್ತಿರಬೇಕು.

ಭಾನುವಾರ ಯಾರು ಬಂದಿಲ್ಲ ಅನ್ನುವುದನ್ನು ಅದೇ ದಿನ ಬರೆದಿಡಿ. ಆದರೆ ಬೇಗ ತೀರ್ಪು ಕೊಡಬೇಡಿ. ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್ ಇರಬಹುದು, ಅಂದರೆ ಹಳಿ ರಿಪೇರಿಗೆ ರೈಲು ನಿಲ್ಲಿಸಿರಬಹುದು. ಮನೆಗೆಲಸದವರಿಗೆ ಭಾನುವಾರ ಬೆಳಿಗ್ಗೆಯೇ ಕೆಲಸ ಜಾಸ್ತಿ, ಯಾಕಂದರೆ ಅವತ್ತು ಮಾಲೀಕರ ಮನೆಗೆ ನೆಂಟರು ಬರುತ್ತಾರೆ. ಅಂಥವರು ಹತ್ತು ಮಂದಿ ಇದ್ದರೂ ಸರಿ, ಸಂಜೆ ಒಂದು ಆರಾಧನೆ ಇಡಿ. ಬೆಳಿಗ್ಗೆ ಬಾರದವರನ್ನು ವೇದಿಕೆಯಿಂದ ಚುಚ್ಚಿದರೆ ಆ ಮಾತು ಕೇಳುವವರು ಬಂದವರು ಮಾತ್ರ, ಅಲ್ವಾ?

ಒಂದು ಭಾನುವಾರ ತಪ್ಪಿದರೆ ಫೋನ್. ಎರಡು ತಪ್ಪಿದರೆ ಮನೆಗೆ ಹೋಗಿ. ಇದನ್ನು ನಾನು ಕಲಿತಿದ್ದು ನೋವಿನಿಂದ. ನಮ್ಮ ಸಭೆಯ ಒಬ್ಬ ತಾಯಿ ಮೂರು ವಾರ ಬರಲಿಲ್ಲ. ಮೇ ತಿಂಗಳು, ಊರಿಗೆ ಹೋಗಿರಬೇಕು ಅಂದುಕೊಂಡೆ. ನಾಲ್ಕನೇ ವಾರ ಬಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಆರಾಧನೆ ಮುಗಿದ ಮೇಲೆ ಕೈ ಕೊಡುವಾಗ ಕೇಳಿದೆ, "ಊರಲ್ಲಿ ಎಲ್ಲ ಚೆನ್ನಾಗಿದ್ದಾರಾ?" ಅವರು ಹೇಳಿದರು, "ನಾನು ಊರಿಗೆ ಹೋಗಿರಲಿಲ್ಲ ಅಯ್ಯನವ್ರೇ. ಮಗನನ್ನ ಆಸ್ಪತ್ರೆಗೆ ಸೇರಿಸಿದ್ದೆ. ನಿಮಗೆ ಗೊತ್ತಿರುತ್ತೆ ಅಂದುಕೊಂಡಿದ್ದೆ." ಅಷ್ಟೇ ಹೇಳಿ ಚಪ್ಪಲಿ ಹಾಕಿಕೊಂಡು ಹೋದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು.

ಮನೆಗೆ ಹೋದಾಗ

ಹತ್ತು ಅಡಿ ಹತ್ತು ಅಡಿ ಕೋಣೆ. ನೀವು ಬಂದ ಕೂಡಲೇ ಮನೆಯ ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ ಮುಂದೆ ಇಡುತ್ತಾರೆ. ಆಮೇಲೆ ಮನೆಯವರೆಲ್ಲ ನೆಲದಲ್ಲಿ, ನೀವೊಬ್ಬರೇ ಮೇಲೆ. ವಯಸ್ಸಾಗಿ ಮೊಣಕಾಲು ನೋಯುತ್ತಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಚಾಪೆಯ ಮೇಲೆ ಕೂಡಿ. ಕುರ್ಚಿಯ ಮೇಲಿನವರಿಗೆ ಜನ ವರದಿ ಒಪ್ಪಿಸುತ್ತಾರೆ. ಚಾಪೆಯ ಮೇಲೆ ಜೊತೆಗೆ ಕೂತವರಿಗೆ ಕಷ್ಟ ಹೇಳಿಕೊಳ್ಳುತ್ತಾರೆ. ಚಹಾ ಬೇಡ ಅನ್ನಬೇಡಿ. ಆ ಹಾಲಿನ ಪ್ಯಾಕೆಟ್ ನಿಮಗೋಸ್ಕರ ತಂದಿದ್ದು.

ಅರ್ಧ ಗಂಟೆ ಸಾಕು. ಮೊದಲ ಇಪ್ಪತ್ತು ನಿಮಿಷ ಅವರೇ ಮಾತಾಡಲಿ. ವಾಕ್ಯ ಓದುವುದು, ಪ್ರಾರ್ಥನೆ ಮಾಡುವುದು ಕೊನೆಗೆ. ಅವರು ಹೇಳಿದ್ದನ್ನೇ ಪ್ರಾರ್ಥನೆಯಲ್ಲಿ ಹೆಸರು ಹೇಳಿ ದೇವರ ಮುಂದೆ ಇಡಿ. ಹೋದ ಕೂಡಲೇ ಬೈಬಲ್ ಬಿಚ್ಚಿ ಹದಿನೈದು ನಿಮಿಷ ಪ್ರಸಂಗ ಮಾಡಿ ಎದ್ದು ಬಂದರೆ ಆ ಮನೆಯಲ್ಲಿ ಏನಾಗುತ್ತಿದೆ ಅಂತ ನಿಮಗೆ ಗೊತ್ತಾಗುವುದು ಹೇಗೆ? ಗಂಡಸರಿಲ್ಲದ ಹೊತ್ತಲ್ಲಿ ಒಬ್ಬರೇ ಹೋಗಬೇಡಿ. ಹೆಂಡತಿಯನ್ನೋ ಸ್ತ್ರೀಯರ ಸಂಘದ ಹಿರಿಯರನ್ನೋ ಕರೆದುಕೊಂಡು ಹೋಗಿ. ಹೆಣ್ಣುಮಕ್ಕಳು ಎಷ್ಟೋ ವಿಷಯ ಅವರ ಹತ್ತಿರ ಮಾತ್ರ ಬಾಯಿ ಬಿಡುತ್ತಾರೆ.

ದುಃಖದ ಮನೆಯಲ್ಲಿ ಮಾತು ಇನ್ನೂ ಕಮ್ಮಿ ಇರಲಿ. ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತರು. ಅಷ್ಟು ಹೊತ್ತು ಅವರು ಒಳ್ಳೆಯ ಪಾಸ್ಟರುಗಳೇ ಆಗಿದ್ದರು. ಕೆಟ್ಟಿದ್ದು ಬಾಯಿ ತೆರೆದ ಮೇಲೆ. "ದೇವರ ಚಿತ್ತ" ಅನ್ನುವ ಮಾತನ್ನು ಮಗು ಕಳೆದುಕೊಂಡ ತಾಯಿಗೆ ಮೊದಲ ದಿನ ಹೇಳಬೇಡಿ, ದಯವಿಟ್ಟು.

ಆಸ್ಪತ್ರೆ

ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಕಲಬುರಗಿ, ರಾಯಚೂರು, ವಿಜಯಪುರದಿಂದ ಜನ ಬರುತ್ತಲೇ ಇರುತ್ತಾರೆ. ಊರಿನ ಸಭೆಯವರು ನಿಮ್ಮ ನಂಬರ್ ಕೊಟ್ಟು ಕಳಿಸಿರುತ್ತಾರೆ. ಅವರು ನಿಮ್ಮ ಸಭೆಯ ಲೆಕ್ಕದಲ್ಲಿ ಇಲ್ಲದಿದ್ದರೂ ಅವತ್ತಿಗೆ ನಿಮ್ಮವರೇ. ಅವರಿಗೆ ಮೊದಲು ಬೇಕಾಗಿರುವುದು ಭಾಷೆ. ಹಿಂದಿ, ಮರಾಠಿ ಬಾರದ ಅಜ್ಜನ ಪಕ್ಕ ನಿಂತು ಡಾಕ್ಟರ್ ಹೇಳಿದ್ದನ್ನು ಕನ್ನಡದಲ್ಲಿ ಹೇಳಿ, ಅಜ್ಜ ಕೇಳಿದ್ದನ್ನು ಡಾಕ್ಟರಿಗೆ ಹೇಳಿ. ನಿಮಗೆ ಆಗದಿದ್ದರೆ ಕಾಲೇಜಿನ ಹುಡುಗರನ್ನು ಕಳಿಸಿ. ಉಳಿಯಲು ದಾದರಿನಲ್ಲಿ ಗಾಡಗೆ ಮಹಾರಾಜ ಧರ್ಮಶಾಲೆ ಇದೆ, ಅಲ್ಲಿ ಜಾಗ ಇದೆಯಾ ಅಂತ ಹೋಗಿ ವಿಚಾರಿಸಿ. ಜೊತೆಗೆ ಬಂದವರನ್ನು ಮರೆಯಬೇಡಿ. ರೋಗಿಗೆ ಎಲ್ಲರೂ ಹಣ್ಣು ತರುತ್ತಾರೆ, ಹೊರಗೆ ನಿಂತ ಮಗನಿಗೆ ಊಟ ಆಯಿತಾ ಅಂತ ಯಾರೂ ಕೇಳುವುದಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಫೋನ್ ಚಾರ್ಜರ್ ತಗೊಂಡು ಹೋಗಿ. ಆ ರೊಟ್ಟಿ ನೋಡಿ ಗಟ್ಟಿ ಗಂಡಸರು ಅತ್ತಿದ್ದನ್ನು ನಾನು ನೋಡಿದ್ದೇನೆ.

ವಾರ್ಡಿನಲ್ಲಿ ಪ್ರಾರ್ಥನೆ ಎರಡು ನಿಮಿಷ, ಮೆಲ್ಲಗೆ. ಪಕ್ಕದ ಹಾಸಿಗೆಯವರೂ ನೋವಿನಲ್ಲಿದ್ದಾರೆ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ಹೇಳುವಂತೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿ, ಮುಂದಿನ ಕೀಮೋ ತಾರೀಖು ಯಾವಾಗ ಅಂತಲೂ ಕೇಳಿ. ನಂಬಿಕೆ ಇದ್ದರೆ ಔಷಧಿ ಬಿಡು ಅಂತ ಯಾರಿಗೂ ಯಾವತ್ತೂ ಹೇಳಬೇಡಿ. ಹಾಗೆ ಬೇರೆ ಯಾರೋ ಹೇಳಿ ಹೋಗಿದ್ದರೆ ಕೂತು ನಿಧಾನವಾಗಿ ತಿಳಿಸಿ ಹೇಳಿ, ಮಾತ್ರೆ ಮತ್ತೆ ಶುರು ಮಾಡಿಸುವುದೂ ನಿಮ್ಮದೇ ಕೆಲಸ.

ಹಣದ ವಿಷಯ. ನಿಮ್ಮ ಜೇಬಿನಿಂದ ಸಾಲ ಕೊಡಬೇಡಿ. ಸಾಲ ತಗೊಂಡವರು ನಾಚಿಕೆಯಿಂದ ಸಭೆಗೆ ಬರುವುದನ್ನೇ ಬಿಡುತ್ತಾರೆ. ಸಭೆಯಲ್ಲಿ ಒಂದು ಚಿಕ್ಕ ನಿಧಿ ಇಡಿ, ಇಬ್ಬರು ಹಿರಿಯರ ಸಹಿ ಇರಲಿ, ಕೊಟ್ಟಿದ್ದನ್ನು ಕೊಟ್ಟುಬಿಡಿ. ಅದಕ್ಕಿಂತ ದೊಡ್ಡ ಸಹಾಯ ಎಷ್ಟೋ ಸಲ ಮಾಹಿತಿಯೇ. ಮಹಾರಾಷ್ಟ್ರದಲ್ಲಿ ಚಾರಿಟಬಲ್ ಟ್ರಸ್ಟ್ ನಡೆಸುವ ಆಸ್ಪತ್ರೆಗಳು ನೂರರಲ್ಲಿ 10 ಹಾಸಿಗೆಯನ್ನು ತೀರಾ ಬಡವರಿಗೆ ಉಚಿತವಾಗಿ, ಇನ್ನೂ 10 ಹಾಸಿಗೆಯನ್ನು ಕಡಿಮೆ ಆದಾಯದವರಿಗೆ ರಿಯಾಯಿತಿ ದರದಲ್ಲಿ ಕೊಡಬೇಕು ಅಂತ ಕಾನೂನೇ ಇದೆ. ರೇಷನ್ ಕಾರ್ಡ್ ಅಥವಾ ತಹಸೀಲ್ದಾರರ ಆದಾಯ ಪ್ರಮಾಣಪತ್ರ ಹಿಡಿದು ಅಲ್ಲಿನ ಸಮಾಜ ಸೇವಕರನ್ನು ಕಾಣಬೇಕು. ಕಟ್ಟಡ ಕೆಲಸ ಮಾಡುವವರು ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಅರ್ಜಿ ತುಂಬಲು ಬರುವ ಒಬ್ಬ ಹುಡುಗಿ ಅಥವಾ ಹುಡುಗನನ್ನು ತಿಂಗಳಿಗೆ ಒಂದು ಭಾನುವಾರ ಆರಾಧನೆ ಆದ ಮೇಲೆ ಮೇಜು ಹಾಕಿ ಕೂಡಿಸಿ.

ಗುಟ್ಟು

ಇದನ್ನು ಎರಡು ಸಲ ಓದಿ. ನಮ್ಮ ಸಭೆಯ ಒಬ್ಬ ಸಹೋದರನ ಕೆಲಸ ಹೋಯಿತು. ಪ್ರಾರ್ಥನೆ ಮಾಡಿ ಅಯ್ಯನವ್ರೇ ಅಂತ ನನಗೆ ಹೇಳಿದ. ನಾನು ಒಳ್ಳೆಯ ಮನಸ್ಸಿನಿಂದಲೇ ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ಅವನ ಹೆಸರು ಹಾಕಿ ಪ್ರಾರ್ಥನೆಗೆ ಕೇಳಿಕೊಂಡೆ. ಸಂಜೆಯೊಳಗೆ ಸುದ್ದಿ ಅವನ ಊರು ಹುಮನಾಬಾದಿಗೆ ಮುಟ್ಟಿತ್ತು. ತಂದೆಗೆ ಹೃದಯದ ತೊಂದರೆ ಇತ್ತು, ಅದಕ್ಕೇ ಕೆಲಸ ಹೋಗಿದ್ದನ್ನು ಅವನು ಮನೆಯಲ್ಲಿ ಹೇಳಿರಲೇ ಇಲ್ಲ. ನಾನು ಹೋಗಿ ಕ್ಷಮೆ ಕೇಳಿದೆ. ಅವನು ಕ್ಷಮಿಸಿದ, ಆದರೆ ಆಮೇಲೆ ಒಂದು ವರ್ಷ ನನ್ನ ಹತ್ತಿರ ಏನನ್ನೂ ಹೇಳಿಕೊಳ್ಳಲಿಲ್ಲ. ಅಂದಿನಿಂದ ನಾನು ಪ್ರತಿ ಸಲ ಕೇಳುತ್ತೇನೆ: ಇದನ್ನ ಯಾರ ಯಾರಿಗೆ ಹೇಳಬಹುದು? ನನ್ನ ಹೆಂಡತಿಗೆ ಹೇಳಬಹುದಾ? ಹಿರಿಯರಿಗೆ? ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಪ್ರಸಂಗದಲ್ಲಿ ಉದಾಹರಣೆಯಾಗಿಯೂ ಬೇಡ, ಹೆಸರು ತೆಗೆದರೂ ಬೇಡ. ನಮ್ಮ ಸಭೆಗಳು ಚಿಕ್ಕವು, ಯಾರು ಅಂತ ಎಲ್ಲರಿಗೂ ತಿಳಿಯುತ್ತದೆ.

ಒಂದೇ ಕಡೆ ಗುಟ್ಟು ನಡೆಯುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098. ಮಾಡಿದವನು ಹಿರಿಯನಿರಲಿ, ಹಾಡುವವನಿರಲಿ, ಸಭೆಯ ಮರ್ಯಾದೆ ಅಂತ ಯಾರು ಅಡ್ಡ ಬಂದರೂ ನಿಲ್ಲಬೇಡಿ. ಹೊಡೆಯುವ ಗಂಡನ ಮನೆಗೆ "ಸಹಿಸಿಕೋ ತಾಯಿ, ಪ್ರಾರ್ಥನೆ ಮಾಡೋಣ" ಅಂತ ಹೆಣ್ಣುಮಗಳನ್ನು ವಾಪಸ್ ಕಳಿಸಬೇಡಿ. ಆ ರಾತ್ರಿ ಅವಳು ಎಲ್ಲಿ ಮಲಗುತ್ತಾಳೆ ಅನ್ನುವುದನ್ನು ಮೊದಲು ನೋಡಿ. ಮಹಿಳಾ ಸಹಾಯವಾಣಿ 181. ಸಾಯುವ ಮಾತಾಡುವವರನ್ನು ಒಬ್ಬರೇ ಬಿಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಹಗಲು ರಾತ್ರಿ ಇರುತ್ತದೆ. ಕುಡಿತಕ್ಕೂ ಉಪವಾಸ ಪ್ರಾರ್ಥನೆಯ ಜೊತೆ ಚಿಕಿತ್ಸೆ ಬೇಕು. ಪುಣೆಯಲ್ಲಿ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ 1986ರಿಂದ ಈ ಕೆಲಸ ಮಾಡುತ್ತಿದೆ. ಸೇರಿಸಿ ಬಂದರೆ ಸಾಲದು, ಭೇಟಿಗೆ ಬಿಡುವ ದಿನ ಹೋಗಿ. ವಾಪಸ್ ಬಂದ ಮೇಲೆ ಮೊದಲ ಸಂಬಳದ ದಿನ ಸಂಜೆ ಅವನ ಜೊತೆ ಇರಿ.

ಮಕ್ಕಳು, ಹಿರಿಯರು

ಇಲ್ಲಿ ಹುಟ್ಟಿದ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಆರಾಧನೆಯಲ್ಲಿ ಬೈಬಲ್ ಓದಲು ಕರೆದರೆ ತಲೆ ತಗ್ಗಿಸುತ್ತಾರೆ, ಮುಂದಿನ ವಾರ ಬರುವುದೇ ಇಲ್ಲ. ಅವರಿಗೆ ಕನ್ನಡ ಕಲಿಸಿ, ಖಂಡಿತ ಕಲಿಸಿ. ಆದರೆ ಅವರ ಸಂಕಟ ಕೇಳುವಾಗ ಹಿಂದಿಯಲ್ಲೋ ಮರಾಠಿಯಲ್ಲೋ ಕೇಳಿ. ನಮ್ಮ ಒಬ್ಬ ಹುಡುಗ ಹತ್ತನೇ ಕ್ಲಾಸ್ ಫೇಲಾದಾಗ ಕನ್ನಡದಲ್ಲಿ "ಏನಿಲ್ಲ ಅಯ್ಯನವ್ರೇ" ಅಂದ. ಸ್ಟೇಷನ್ ತನಕ ಜೊತೆಗೆ ನಡೆದು ವಡಾಪಾವ್ ತಿನ್ನುತ್ತಾ ಹಿಂದಿಯಲ್ಲಿ ಕೇಳಿದೆ. ಆಗ ಎಲ್ಲ ಹೊರಗೆ ಬಂತು.

ಇಷ್ಟನ್ನೂ ಒಬ್ಬರೇ ಮಾಡಲು ಹೋಗಬೇಡಿ. ಬೆಳಿಗ್ಗೆಯಿಂದ ಸಂಜೆ ತನಕ ಒಬ್ಬನೇ ನ್ಯಾಯ ಕೇಳುತ್ತಾ ಕೂತ ಮೋಶೆಗೆ ಮಾವ ಇತ್ರೋ ಹೇಳಿದ್ದು ಇದನ್ನೇ. ಹತ್ತು ಮಂದಿಗೆ ಒಬ್ಬ, ಐವತ್ತು ಮಂದಿಗೆ ಒಬ್ಬ ಅಂತ ಹಂಚು, ಇಲ್ಲದಿದ್ದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ. ನಾವು ರೈಲ್ವೆ ಲೈನ್ ಪ್ರಕಾರ ಹಂಚಿದ್ದೇವೆ. ಕಲ್ಯಾಣದ ಆಚೆ ಒಬ್ಬರು, ಠಾಣೆ ಕಡೆ ಒಬ್ಬರು, ನವಿ ಮುಂಬೈಗೆ ಒಬ್ಬರು, ವೆಸ್ಟರ್ನ್ ಲೈನಿಗೆ ಇಬ್ಬರು. ಮಳೆಗಾಲದಲ್ಲಿ ರೈಲು ನಿಂತ ದಿನ ಇವರು ತಮ್ಮ ಮನೆಗಳಿಗೆಲ್ಲ ಫೋನ್ ಮಾಡಿ, ಯಾರ ಮನೆಗೆ ನೀರು ನುಗ್ಗಿದೆ ಅಂತ ನನಗೆ ತಿಳಿಸುತ್ತಾರೆ. ಇಬ್ಬರು ಹೆಣ್ಣುಮಕ್ಕಳು ಈ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ. ವಾರಕ್ಕೊಂದು ದಿನ ನಿಮ್ಮ ಸ್ವಂತ ಮನೆಯವರಿಗೆ ಇಡಿ, ಅವತ್ತು ಫೋನ್ ಹಿರಿಯರ ಕೈಯಲ್ಲಿ ಇರಲಿ.

ಕೊನೆಗೆ ನೋಟ್‌ಬುಕ್ಕಿನ ಹಿಂದಿನ ಪುಟಗಳು. ಅಲ್ಲಿ ತಿಂಗಳ ಪ್ರಕಾರ ತಾರೀಖು ಬರೆಯಿರಿ. ಮದುವೆಯ ದಿನಗಳಲ್ಲ, ಅವನ್ನು ಜನರೇ ನೆನಪಿಸುತ್ತಾರೆ. ತೀರಿಕೊಂಡವರ ದಿನಗಳು. ಸೆವ್ರಿ ಸ್ಮಶಾನದಲ್ಲಿ ಮಣ್ಣು ಮಾಡಿದ ದಿನ, ಅಥವಾ ರಾತ್ರಿಯಿಡೀ ಆಂಬ್ಯುಲೆನ್ಸ್‌ನಲ್ಲಿ ಊರಿಗೆ ತಗೊಂಡು ಹೋದ ದಿನ. ಮೊದಲ ವಾರ ಎಲ್ಲರೂ ಬರುತ್ತಾರೆ. ಮೂರನೇ ತಿಂಗಳಿಗೆ ಯಾರೂ ಇರುವುದಿಲ್ಲ. ಮೂರನೇ ತಿಂಗಳು ಹೋಗಿ, ಮೊದಲ ಕ್ರಿಸ್ಮಸ್‌ಗೆ ಹೋಗಿ, ವರ್ಷ ತುಂಬುವ ದಿನ ಬೆಳಿಗ್ಗೆ ಫೋನ್ ಮಾಡಿ. ಹೋದ ತಿಂಗಳು ಡೊಂಬಿವಲಿಯ ಒಬ್ಬ ಅಜ್ಜಿಗೆ ಹಾಗೆ ಮಾಡಿದೆ. ಎರಡು ಸಲ ರಿಂಗ್ ಆಯಿತು. ನಾನು ಹಲೋ ಅನ್ನುವ ಮೊದಲೇ ಅವರು ಹೇಳಿದರು, "ಇವತ್ತು ನೀವು ಮಾಡ್ತೀರಿ ಅಂತ ಗೊತ್ತಿತ್ತು, ಚಹಾಕ್ಕೆ ಇಟ್ಟಿದ್ದೀನಿ, ಬನ್ನಿ."